ಗಾಳಿಕುಂಚ

ಬೇಗಂ ಬಜಾರಿನಲ್ಲಿ ದೊರೆಯದ ವಸ್ತುವೇ ಇಲ್ಲವೆಂದು ನಮ್ಮ ಹೈದರಾಬಾದಿನವರು ಹೇಳುವುದುಂಟು. ನಾನು ಅರಸುತ್ತಿದ್ದ ವಸ್ತುವು ಕೊನೆಗೆ ದೊರೆತುದು ಬೇಕರಿಯ ಸಾಮಾನು ಮಾರುವ ಒಂದು ಅಂಗಡಿಯಲ್ಲಿ. ಕೇಕಿನ ಮೇಲೆ ಬಣ್ಣವನ್ನು ತುಂತುರಾಗಿ ಹಾಯಿಸುವ ಏರ್‌ಬ್ರಷ್ ಅದು, ಗಾಳಿಕುಂಚವೆಂದು ಕರೆಯೋಣ. ನೋಡಲು ದಪ್ಪನೆಯ ಪೆನ್ನಿನಂತಿದೆ. ಮೇಲೆ ಬಣ್ಣಕ್ಕೊಂದು ಪುಟ್ಟ ಬಟ್ಟಲು, ಕೆಳಗೆ ಗಾಳಿಯ ಕೊಳವೆ. ಆದರೆ ನಾನು ಬಣ್ಣ ಹಚ್ಚಬೇಕಾಗಿದ್ದುದು ಕೇಕಿಗಲ್ಲ, ವಿಮಾನಕ್ಕೆ.

ಬೀದರಿನಲ್ಲಿರುವ ನನ್ನ ಸೋದರಮಾವನವರು ‘ಕಿರಣ್’ ವಿಮಾನದ ಮಾದರಿಯೊಂದನ್ನು ಮರದಲ್ಲಿ ಕೆತ್ತಿ ಕೊಟ್ಟಿದ್ದರು. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ರೂಪುಗೊಂಡ ಈ ಜೆಟ್ ವಿಮಾನವು ಮೊದಲು ಹಾರಿದುದು 1964ರಲ್ಲಿ. 1996ರಲ್ಲಿ ಬೀದರಿನಲ್ಲಿ ಸ್ಥಾಪಿತವಾದ ವಾಯುಸೇನೆಯ ‘ಸೂರ್ಯಕಿರಣ’ ತಂಡದವರು 2011ರವರೆಗೂ ಕೆಂಪು ಬಿಳಿ ಬಣ್ಣದ ಕಿರಣ್‌ಗಳನ್ನೇ ಹಾರಿಸಿ ಆಟ ತೋರಿಸುತ್ತಿದ್ದರು. ನಿಜವಾದ ವಿಮಾನದ ರೆಕ್ಕೆಗಳ ಹರವು 10.7 ಮೀಟರು, ಮಾವನ ಮಾದರಿಯು ಅದರ 72ನೆಯ ಒಂದು ಪಾಲು, ಎಂದರೆ ಸುಮಾರು 15 ಸೆಂಟಿಮೀಟರು. ಮೂರು ತಿಂಗಳ ಕೆಲಸ. ಕಣ್ಣಿಗೆ ಪೊರೆ ಬರುತ್ತಿರುವುದರಿಂದ ಇನ್ನೊಂದನ್ನು ಕೆತ್ತಲಾರೆನೆಂದು ಹೇಳಿಯೇ ಅದನ್ನು ನನ್ನ ಕೈಗಿತ್ತರು.

ಸಾಮಾನ್ಯ ಕುಂಚದಿಂದಲೇ ಬಳಿಯಬಾರದೇಕೆ ಎಂದು ನೀವು ಕೇಳಬಹುದು. ಲೆಕ್ಕ ಹಾಕಿ ನೋಡಿ. ಕುಂಚವು ಬಿಡುವ ಲೇಪದ ದಪ್ಪ ಮಿಲಿಮೀಟರಿನ ಹತ್ತನೆಯ ಒಂದು ಪಾಲೆಂದು ತಿಳಿಯೋಣ. ಅದನ್ನು 72ರಿಂದ ಗುಣಿಸಿದರೆ ನಿಜವಾದ ವಿಮಾನಕ್ಕೆ 7 ಮಿಲಿಮೀಟರು ದಪ್ಪದ ಗಾರೆ ಮೆತ್ತಿದಂತಾಯಿತು! ಮಾವನು ಸೂಜಿಯಿಂದ ಗೀರಿದ ಬಾಗಿಲಿನ ಸಂದುಗಳೆಲ್ಲವೂ ಅದರಡಿಯಲ್ಲಿ ಹೂತುಹೋಗುತ್ತವೆ. ಗಾಳಿಕುಂಚದ ಲೇಪವಾದರೋ ಅತಿ ತೆಳುವಾದುದು.

ಇದರ ತತ್ತ್ವವು ಸರಳವಾದುದು. ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡವು ಕಡಮೆಯಾಗುತ್ತದೆ. ಸಣ್ಣ ಕಂಪ್ರೆಸರಿನಿಂದ ಬಂದ ಗಾಳಿಯು ಮೂತಿಯ ಸುತ್ತ ರಭಸದಿಂದ ಹೊರಡುವಾಗ, ಅಲ್ಲಿನ ಬಣ್ಣವನ್ನು ಸೆಳೆದು ನುಣ್ಣನೆಯ ಹನಿಗಳಾಗಿ ಒಡೆಯುತ್ತದೆ. ಹಿಂದೆ ಮನೆಗಳಲ್ಲಿ ಸೊಳ್ಳೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪಿನಲ್ಲಿಯೂ ಇದೇ ತತ್ತ್ವವಿತ್ತು. ಗಾಳಿಕುಂಚದ ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ. ಹಿಂದಕ್ಕೆ ಎಳೆದರೆ ಒಳಗಿನ ಸೂಜಿಯು ಸರಿದು ಬಣ್ಣ. ಎಷ್ಟು ಎಳೆಯುವೆವೋ ಅಷ್ಟು ಬಣ್ಣ.

ಇಷ್ಟೆಲ್ಲ ಓದಿಕೊಂಡೇ ನಾನು ಆರಂಭಿಸಿದೆನು. ಎಡರೆಕ್ಕೆಯ ಕೆಳಭಾಗಕ್ಕೆ ಮೂತಿಯನ್ನು ತೀರ ಹತ್ತಿರ ಹಿಡಿದು ಗುಂಡಿಯನ್ನು ಪೂರ್ತಿ ಎಳೆದುಬಿಟ್ಟೆನು. ಹಸಿ ಬಣ್ಣವು ಗಾಳಿಯ ಹೊಡೆತಕ್ಕೆ ಜೇಡನ ಕಾಲುಗಳಂತೆ ದಿಕ್ಕುದಿಕ್ಕಿಗೆ ಓಡಿತು. ಹೆದರಿ ದೂರ ಹಿಡಿದರೆ, ಹನಿಗಳು ದಾರಿಯಲ್ಲಿಯೇ ಒಣಗಿ ರೆಕ್ಕೆಯ ಮೇಲೆ ಮರಳಿನಂತೆ ಕುಳಿತವು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಬೇಗಂ ಬಜಾರಿನಿಂದ ಸ್ವಲ್ಪ ನಡೆದರೆ ಧೂಲ್‌ಪೇಟೆ. ಗಣೇಶನ ಮೂರ್ತಿಗಳಿಗೆ ಹೆಸರಾದ ಪೇಟೆಯದು. ಅಲ್ಲಿ ವೃದ್ಧರೊಬ್ಬರು ಆಳೆತ್ತರದ ಗಣಪತಿಗೆ ಸ್ಪ್ರೇ ಗನ್ನಿನಿಂದ ಬಣ್ಣ ಹಾಯಿಸುತ್ತಿದ್ದರು. ನಾನು ನಿಂತು ನೋಡಿದೆನು. ಅವರ ಕೈ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಮೂರ್ತಿಯ ಆಚೆಗೇ ತುಂತುರನ್ನು ಆರಂಭಿಸಿ, ಮೈಮೇಲೆ ಸಮವಾಗಿ ಸಾಗಿ, ಈಚೆಗೆ ದಾಟಿದ ಮೇಲೆಯೇ ಬಿಡುತ್ತಿದ್ದರು. ನನ್ನ ದುಃಖವನ್ನು ಕೇಳಿ ನಕ್ಕು, “ಹಾತ್ ರುಕಾ ತೋ ರಂಗ್ ಬಹಾ, ಬೇಟಾ” ಎಂದರು. ಕೈ ನಿಂತರೆ ಬಣ್ಣ ಹರಿಯಿತೆಂದೇ ಅರ್ಥ. ನಾನು ಓದಿದ್ದ ಪುಟಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಇರಲಿಲ್ಲ.

ಕೆಟ್ಟ ಲೇಪವನ್ನು ಒಂದು ದಿನ ಒಣಗಿಸಿ, ನಯವಾದ ಮರಳುಕಾಗದದಿಂದ ಉಜ್ಜಿ ತೆಗೆದೆನು. ಒಂದು ವಾರ ಹಳೆಯ ಪತ್ರಿಕೆಯ ಮೇಲೆಯೂ ಪ್ಲಾಸ್ಟಿಕ್ ಚಮಚಗಳ ಮೇಲೆಯೂ ಅಭ್ಯಾಸ ಮಾಡಿದೆನು. ಬಣ್ಣವು ಹಾಲಿನಷ್ಟು ತೆಳುವಾಗಿರಬೇಕು. ಗಾಳಿಯ ಒತ್ತಡ ಚದರ ಅಂಗುಲಕ್ಕೆ 15ರಿಂದ 20 ಪೌಂಡು. ಅಂತರ ಎರಡು ಮೂರು ಅಂಗುಲ. ನಮ್ಮ ಊರಿನ ಮೇ ತಿಂಗಳ ಬಿಸಿಲಿನಲ್ಲಿ ನೀರಿನ ಬಣ್ಣವು ಸೂಜಿಯ ತುದಿಯಲ್ಲಿಯೇ ಗಟ್ಟಿಯಾಗುವುದರಿಂದ, ಬೆಳಗಿನ ತಂಪಿನಲ್ಲಿ ಕುಳಿತು, ಆಗಾಗ ಒದ್ದೆಯ ಹತ್ತಿಯಿಂದ ತುದಿಯನ್ನು ಒರಸುತ್ತಿದ್ದೆನು. ಮಳೆಗಾಲದಲ್ಲಿ ಬೇರೆ ತೊಂದರೆ: ಒತ್ತಿದ ಗಾಳಿಯಿಂದ ನೀರು ಬೇರ್ಪಟ್ಟು ಬಣ್ಣದೊಡನೆ ಸಿಡಿಯುತ್ತದೆ. ಅದನ್ನು ಹಿಡಿಯಲು ಕೊಳವೆಗೆ ಒಂದು ನೀರುಬಟ್ಟಲನ್ನು ಜೋಡಿಸಬೇಕು.

ಕಿಟಕಿಯನ್ನು ತೆರೆದಿಡದೆ, ಮುಖಕ್ಕೆ ತಕ್ಕ ಮುಸುಕು ಧರಿಸದೆ ಈ ಕೆಲಸಕ್ಕೆ ಕೂಡಲೇಬೇಡಿ. ಕಣ್ಣಿಗೆ ಕಾಣದ ಹನಿಗಳು ಶ್ವಾಸಕೋಶವನ್ನು ಸೇರುತ್ತವೆ. ತಿನ್ನರ್ ಬೆರೆಸುವ ಬಣ್ಣವಾದರೆ ಒಲೆಯ ಬಳಿ ಸುಳಿಯಲೇಬಾರದು.

ಮೊದಲು ಬಿಳಿ, ಅದು ಚೆನ್ನಾಗಿ ಒಣಗಿದ ಮೇಲೆ ಕೆಂಪು. ಬಿಳಿಯಾಗಿ ಉಳಿಯಬೇಕಾದ ಭಾಗಕ್ಕೆ ಮಾಸ್ಕಿಂಗ್ ಟೇಪು ಅಂಟಿಸಿ, ಅದರ ಅಂಚಿಗೆ ಇನ್ನೊಮ್ಮೆ ಬಿಳಿಯನ್ನೇ ಹಾಯಿಸಿದೆನು. ಟೇಪಿನಡಿಗೆ ನುಸುಳುವುದಾದರೆ ಬಿಳಿಯೇ ನುಸುಳಿ ಸಂದನ್ನು ಮುಚ್ಚುವುದು. ಆಮೇಲೆ ಬಂದ ಕೆಂಪಿಗೆ ದಾರಿಯಿರದು. ಟೇಪನ್ನು ಕಿತ್ತಾಗ ಗೆರೆಯು ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ದಸರೆಯ ರಜೆಯಲ್ಲಿ ವಿಮಾನವನ್ನು ಬೀದರಿಗೆ ಕೊಂಡೊಯ್ದೆನು. ಮಾವನವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ, ಬಾಗಿಲಿನ ಗೀರುಗಳ ಮೇಲೆ ಉಗುರಾಡಿಸಿದರು. ಅವೆಲ್ಲವೂ ಇದ್ದವು. ಬಳಿಕ ಎಡರೆಕ್ಕೆಯನ್ನು ಮಗುಚಿ, ನಾನು ಉಜ್ಜಿದರೂ ಪೂರ್ತಿಯಾಗಿ ಹೋಗದಿದ್ದ ಜೇಡನ ಕಾಲೊಂದರ ಮೇಲೆ ಬೆರಳಿಟ್ಟು, “ಇದೇನಪ್ಪಾ?” ಎಂದು ಕೇಳಿದರು.