ಏರಿಲ್ಲದ ಹಾದಿ, ಸದ್ದಿಲ್ಲದ ಹಾದಿ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸೈಕಲ್ ಸವಾರಿ ಹೊರಟವನನ್ನು ಕಾಡುವವು ಎರಡು: ದಿಬ್ಬದ ಏರು ಮತ್ತು ಮೋಟಾರು ವಾಹನ. ಎರಡನ್ನೂ ತಪ್ಪಿಸಿಕೊಂಡು ದಿನವಿಡೀ ಸಾಗಬೇಕೆಂಬ ಬಯಕೆ ಕೇವಲ ಸುಖಜೀವಿಗಳದಲ್ಲ. ವಯಸ್ಸಾದವರು, ಮಕ್ಕಳನ್ನು ಜತೆಗೆ ಕರೆದೊಯ್ಯುವವರು, ಕಾಯಿಲೆಯಿಂದ ಎದ್ದು ಬಹುಕಾಲದ ಮೇಲೆ ಪೆಡಲು ತುಳಿಯುವವರು—ಇವರಿಗೆ ತಕ್ಕ ಹಾದಿ ದೊರೆತರೆ ಸವಾರಿಯುಂಟು, ದೊರೆಯದಿದ್ದರೆ ಇಲ್ಲ.

ಆದರೆ ಇವೆರಡು ಗುಣಗಳೂ ಒಂದೇ ಹಾದಿಯಲ್ಲಿ ಕೂಡಿಬರುವುದು ಅಪರೂಪ. ಕಾರಣವೇನೆಂದರೆ, ನದಿ ಕಣಿವೆಯ ಸಮನೆಲವನ್ನು ಹೆದ್ದಾರಿಯೂ ರೈಲುದಾರಿಯೂ ಮೊದಲೇ ಆಕ್ರಮಿಸಿಕೊಂಡಿವೆ. ಹಳ್ಳಿಯಿಂದ ಹಳ್ಳಿಗೆ ಹೋಗುವ ಕಿರುದಾರಿಗಳ ಪಾಲಿಗೆ ಉಳಿದದ್ದು ಗುಡ್ಡದ ಮೈ. ಡೆವನ್ ಪ್ರಾಂತದ ಕಿರುದಾರಿಗಳಲ್ಲಿ ವಾಹನ ಸಂಚಾರ ವಿರಳವೆಂಬುದು ನಿಜ. ಆದರೆ ಒಂದು ಇಳಿಜಾರಿನ ಸಂತೋಷ ಮುಗಿಯುವ ಮೊದಲೇ ಮುಂದಿನ ಏರು ಎದುರಾಗುತ್ತದೆ. ಹಾಗಾದರೆ ಸಮತಟ್ಟೂ ನಿಶ್ಶಬ್ದವೂ ಆದ ಹಾದಿ ಎಲ್ಲಿದೆ? ಮುಖ್ಯವಾಗಿ ಎರಡು ಕಡೆ: ನೀರು ಬಸಿದು ಮಾಡಿದ ಜೌಗು ನೆಲದಲ್ಲಿ, ಮತ್ತು ರೈಲು ಬಿಟ್ಟುಹೋದ ಕಟ್ಟೆಗಳ ಮೇಲೆ. ಎರಡೂ ಮನುಷ್ಯನ ಕೈಕೆಲಸವೇ ಎಂಬುದನ್ನು ವಾಚಕರು ಗಮನಿಸಬೇಕು.

ಮೊದಲನೆಯದಕ್ಕೆ ಉತ್ತಮ ನಿದರ್ಶನ, ಕೇಂಬ್ರಿಜ್ ನಗರದ ಉತ್ತರಕ್ಕೆ ಹಬ್ಬಿರುವ ಫೆನ್ ಪ್ರದೇಶ. ಹದಿನೇಳನೆಯ ಶತಮಾನದವರೆಗೆ ಇದರ ಬಹುಭಾಗ ಜೊಂಡು, ಹಕ್ಕಿ, ಮೀನುಗಳ ಬೀಡಾಗಿತ್ತು. ಬೆಡ್‌ಫರ್ಡಿನ ಅರ್ಲ್ ಮತ್ತು ಅವನೊಡನೆ ಹಣ ಹೂಡಿದವರು ಕಾರ್ನೀಲಿಯಸ್ ವರ್ಮೈಡನ್ ಎಂಬ ಡಚ್ ಇಂಜಿನಿಯರನನ್ನು ನೆಲ ಒಣಗಿಸುವ ಕೆಲಸಕ್ಕೆ ನಿಯಮಿಸಿದರು. ಎರಿತ್ ಎಂಬ ಊರಿನಿಂದ ಡೆನ್ವರ್ ವರೆಗೆ ಸುಮಾರು 21 ಮೈಲಿ ಉದ್ದಕ್ಕೆ ನೇರವಾಗಿ ಒಂದು ಕಾಲುವೆ 1637ರಲ್ಲಿಯೂ ಅದರ ಪಕ್ಕದಲ್ಲಿಯೇ ಮತ್ತೊಂದು 1651ರಲ್ಲಿಯೂ ಸಿದ್ಧವಾದವು. ಎರಡರ ನಡುವಣ ನೆಲವನ್ನು ಪ್ರವಾಹದ ನೀರು ನಿಲ್ಲಲೆಂದು ಬಿಟ್ಟರು. ಇಂದಿಗೂ ಚಳಿಗಾಲದಲ್ಲಿ ಅದು ಕೆರೆಯಾಗುತ್ತದೆ.

ನೆಲ ಒಣಗಿತು, ಒಣಗಿದ ಮೇಲೆ ಕುಸಿಯತೊಡಗಿತು! ಇಲ್ಲಿಯ ಕಪ್ಪು ಮಣ್ಣು ಪೀಟ್ ಎಂಬ ಜಾತಿಯದು. ಸಾವಿರಾರು ವರ್ಷ ನೀರಿನಲ್ಲಿ ನೆನೆದ ಜೊಂಡು ಪೂರ್ತಿ ಕೊಳೆಯದೆ ಉಳಿದು ಆದದ್ದು. ನೀರು ಹೋದೊಡನೆ ಅದು ಕುಗ್ಗುತ್ತದೆ. ಗಾಳಿ ತಗುಲಿದೊಡನೆ ಕೊಳೆತು ಕರಗುತ್ತದೆ. ಹೋಮ್ ಎಂಬ ಊರಿನ ಬಳಿ 1851ರ ಸುಮಾರಿಗೆ ನೆಲದ ಮಟ್ಟಕ್ಕೆ ಸಮನಾಗಿ ಹುಗಿದ ಕಬ್ಬಿಣದ ಕಂಬವೊಂದು ಇಂದು ಸುಮಾರು 13 ಅಡಿ ಮೇಲೆ ನಿಂತಿದೆ. ಕಂಬ ಬೆಳೆಯಲಿಲ್ಲ, ನೆಲ ಇಳಿಯಿತು. ಬ್ರಿಟನ್ನಿನ ಅತ್ಯಂತ ತಗ್ಗಾದ ಆ ಸ್ಥಳ ಸಮುದ್ರ ಮಟ್ಟಕ್ಕಿಂತ ಸುಮಾರು 9 ಅಡಿ ಕೆಳಗಿದೆ. ಹೊಲ ಇಳಿದಂತೆಲ್ಲ ನದಿಗಳು ಮೇಲುಳಿದವು. ಹೊಲದ ನೀರನ್ನು ಎತ್ತಿ ನದಿಗೆ ಹಾಕಲು ಮೊದಲು ಗಾಳಿಯಂತ್ರ, ಬಳಿಕ ಉಗಿಯಂತ್ರ, ಈಗ ಎಣ್ಣೆ ಮತ್ತು ವಿದ್ಯುತ್ತಿನ ಪಂಪುಗಳು. ಸ್ಟ್ರೆಥಮ್ ಎಂಬಲ್ಲಿ 1831ರ ಉಗಿಯಂತ್ರವನ್ನು ಇಂದಿಗೂ ಕಾಪಾಡಿಟ್ಟಿದ್ದಾರೆ.

ಸವಾರನಿಗೆ ಈ ಚರಿತ್ರೆಯೆಲ್ಲ ಏಕೆ ಬೇಕು ಎಂದು ಕೇಳಬಹುದು. ಬೇಕು, ಏಕೆಂದರೆ ಅದು ಅವನ ಚಕ್ರದ ಕೆಳಗೇ ಇದೆ. ಪೀಟ್ ಮಣ್ಣಿನ ಮೇಲಣ ರಸ್ತೆ ಒಂದೇ ಸಮನಾಗಿ ಕುಸಿಯುವುದಿಲ್ಲ. ಅಲೆಯಂತೆ ಏಳುಬೀಳಾಗಿ, ಅಂಚಿನಲ್ಲಿ ಉದ್ದುದ್ದ ಬಿರುಕು ಬಿಡುತ್ತದೆ. ತೆಳ್ಳನೆಯ ಟೈರು ಸಿಕ್ಕಿಕೊಳ್ಳುವಷ್ಟು ಅಗಲದ ಬಿರುಕುಗಳೂ ಉಂಟು. 2022ರ ಬೇಸಿಗೆಯ ಬರದಲ್ಲಿ ಇಂಥ ರಸ್ತೆಗಳು ಬಹಳ ಕೆಟ್ಟುವು. ಸಮುದ್ರದ ಕಡೆಯ ಮೆಕ್ಕಲು ಮಣ್ಣಿನ ಭಾಗ ಇದಕ್ಕಿಂತ ಗಟ್ಟಿ. ರಸ್ತೆಗಳು ಕಾಲುವೆಯನ್ನೇ ಅನುಸರಿಸುವುದರಿಂದ ಮೈಲಿಗಟ್ಟಲೆ ನೇರವಾಗಿ ಹೋಗಿ ಥಟ್ಟನೆ ಸಮಕೋನದಲ್ಲಿ ತಿರುಗುತ್ತವೆ. ನೇರ ರಸ್ತೆ ಎಂದರೆ ಮೋಟಾರಿಗೆ ವೇಗದ ಆಹ್ವಾನ. ಆದುದರಿಂದ ದೊಡ್ಡ ಕಾಲುವೆಯ ದಂಡೆಯ ಮೇಲೆ ಊರಿಂದೂರಿಗೆ ಓಡುವ ರಸ್ತೆಗಳನ್ನು ಬಿಟ್ಟು, ಹಿಂದೆ ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದ ‘ಡ್ರೋವ್’ ಎಂಬ ದಾರಿಗಳನ್ನು ಹಿಡಿಯುವುದು ಲೇಸು. ಕೆಲವಕ್ಕೆ ಡಾಮರುಂಟು, ಕೆಲವಕ್ಕಿಲ್ಲ. ಶರತ್ಕಾಲದಲ್ಲಿ ಸಕ್ಕರೆ ಬೀಟು ಹೊರುವ ಲಾರಿಗಳ ಕಾಟವನ್ನೂ ಅವು ಚೆಲ್ಲಿಹೋದ ಕೆಸರನ್ನೂ ನಿರೀಕ್ಷಿಸಬೇಕು.

ಹೊಸಬರಿಗೆ ತಕ್ಕದ್ದೆಂದರೆ, ಬಾಟಿಶಮ್ ಊರಿನ ಕಡೆಯಿಂದ ವಿಕೆನ್ ಜೌಗಿನವರೆಗೆ ಹೋಗುವ ‘ಲೋಡ್ಸ್ ವೇ’, ಸುಮಾರು 9 ಮೈಲಿ. ಲೋಡ್ ಎಂದರೆ ದೋಣಿ ಸಾಗಲು ಪೂರ್ವಕಾಲದಲ್ಲಿ ತೋಡಿದ ಕಾಲುವೆ. ವಿಕೆನ್‌ನಲ್ಲಿ ನ್ಯಾಷನಲ್ ಟ್ರಸ್ಟ್ ಸಂಸ್ಥೆ 1899ರಿಂದ ಉಳಿಸಿಕೊಂಡು ಬಂದ ಹಳೆಯ ಜೌಗು ಇದೆ; ಒಣಗುವ ಮುನ್ನ ಇಡೀ ನಾಡು ಹೇಗಿದ್ದೀತೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಅಲ್ಲಿಂದ ಮುಂದೆ ಈಲಿ ಪಟ್ಟಣದ ದೊಡ್ಡ ಇಗರ್ಜಿಯ ಗೋಪುರವೇ ದಿಕ್ಸೂಚಿ.

ಇನ್ನು ಗಾಳಿಯ ಮಾತು. ಸಮನೆಲವೆಂದರೆ ಶ್ರಮವಿಲ್ಲವೆಂದು ತಿಳಿಯಬಾರದು. ಮರೆಗೆ ಗುಡ್ಡವೂ ಇಲ್ಲ, ಬೇಲಿಯೂ ಇಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಹೆಚ್ಚುತ್ತದೆ: ಗಂಟೆಗೆ 10 ಮೈಲಿ ಹೋಗುವವನಿಗೆ ಅಷ್ಟೇ ವೇಗದ ಗಾಳಿ ಎದುರಾದರೆ, ತಡೆ ಇಮ್ಮಡಿಯಲ್ಲ, ನಾಲ್ಮಡಿ. ಏರಿಗಾದರೂ ಒಂದು ನೆತ್ತಿಯುಂಟು. ಎದುರುಗಾಳಿಗೆ ಅದೂ ಇಲ್ಲ. ಅಲ್ಲಿ ಗಾಳಿ ಹೆಚ್ಚಾಗಿ ನೈಋತ್ಯದಿಂದ ಬೀಸುವುದರಿಂದ, ಮೈಯಲ್ಲಿ ಕಸುವಿರುವಾಗಲೇ ಆ ಕಡೆಗೆ ಹೊರಟು, ಬಳಲಿದಾಗ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಮರಳುವುದು ಜಾಣತನ.

ರೈಲುಕಟ್ಟೆಗಳ ವಿಷಯ ಸರಳ. ಉಗಿಬಂಡಿಗೆ ಕಡಿದಾದ ಏರು ಆಗದು. ಹಾಗಾಗಿ ದಿಬ್ಬ ಕಡಿದು, ತಗ್ಗು ತುಂಬಿಸಿ, ಮೆಲ್ಲನೆಯ ಏರಿನ ದಾರಿ ಮಾಡಿದ್ದರು. 1963ರ ಬೀಚಿಂಗ್ ವರದಿಯ ತರುವಾಯ ಸಾವಿರಾರು ಮೈಲಿ ಮುಚ್ಚಿಹೋದವು. ಬ್ರಿಸ್ಟಲ್ ನಗರದಲ್ಲಿ 1977ರಲ್ಲಿ ಕೂಡಿದ ಸೈಕಲ್ ಪ್ರೇಮಿಗಳು ಬಾತ್ ಪಟ್ಟಣದವರೆಗಿನ 13 ಮೈಲಿಯ ಹಳೆಯ ಕಟ್ಟೆಯನ್ನು 1979ರಿಂದ 1986ರೊಳಗೆ ಸೈಕಲ್ ದಾರಿಯಾಗಿಸಿದರು. ಸಸ್ಟ್ರಾನ್ಸ್ ಎಂದು ಬಹುಕಾಲ ಹೆಸರಾಗಿದ್ದ ಸಂಸ್ಥೆ ಅದೇ. ಯಾರ್ಕ್–ಸೆಲ್ಬಿ ನಡುವೆ, ಕೆಳಗೆ ಕಲ್ಲಿದ್ದಲು ತೆಗೆಯಬೇಕೆಂದು 1983ರಲ್ಲಿ ರೈಲನ್ನೇ ಬೇರೆಡೆಗೆ ತಿರುಗಿಸಿದ್ದರಿಂದ ಇನ್ನೊಂದು ದಾರಿ ದೊರೆಯಿತು. ಅದರುದ್ದಕ್ಕೂ ಸೂರ್ಯನನ್ನೂ ಗ್ರಹಗಳನ್ನೂ ದೂರದ ಪ್ರಮಾಣಕ್ಕೆ ಸರಿಯಾಗಿ ನಿಲ್ಲಿಸಿರುವುದು ಮಕ್ಕಳಿಗೆ ಮೋಜು. ಆದರೆ ಭಾನುವಾರ ಇಂಥ ಕಡೆ ನಡೆಯುವವರೂ ನಾಯಿಗಳೂ ತುಂಬಿರುತ್ತಾರಾಗಿ, ಅವಸರದವರಿಗೆ ಅದು ಹೇಳಿದ್ದಲ್ಲ.

ಸ್ವತಃ ಹಾದಿ ಹುಡುಕುವವರಿಗೆ ಆರ್ಡ್‌ನೆನ್ಸ್ ಸರ್ವೆಯ 1:50,000 ಪ್ರಮಾಣದ ನಕ್ಷೆಯೇ ಗುರು. ಅದರಲ್ಲಿ ಎತ್ತರದ ರೇಖೆಗಳು 10 ಮೀಟರಿಗೊಂದರಂತೆ ಇರುತ್ತವೆ. ಹಳದಿ ಬಣ್ಣದ ಕಿರುರಸ್ತೆ ಅವನ್ನು ಎಷ್ಟು ಕಡಿಮೆ ದಾಟುವುದೋ ಅಷ್ಟು ಸುಖ. ರಸ್ತೆಯ ಮೇಲೆ ಒಂದು ಬಾಣದ ಗುರುತಿದ್ದರೆ ಏಳಕ್ಕೊಂದರಿಂದ ಐದಕ್ಕೊಂದರವರೆಗಿನ ಏರು. ಎರಡಿದ್ದರೆ ಅದಕ್ಕಿಂತ ಕಡಿದು, ಬೇರೆ ದಾರಿ ನೋಡುವುದೇ ಒಳ್ಳೆಯದು. ಕುದುರೆದಾರಿಗಳಲ್ಲಿ ಸೈಕಲ್ ಹೊಡೆಯುವ ಹಕ್ಕನ್ನು 1968ರ ಕಾನೂನು ಕೊಟ್ಟಿದೆ. ಕಾಲುದಾರಿಗಳಲ್ಲಿ ಆ ಹಕ್ಕಿಲ್ಲ.

ನಂಬರು ಹಾಕಿದ ಫಲಕವನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. 1995ರಲ್ಲಿ ಲಾಟರಿ ನಿಧಿಯ ನೆರವಿನಿಂದ ಆರಂಭವಾದ ರಾಷ್ಟ್ರೀಯ ಸೈಕಲ್ ಜಾಲದ ಸುಮಾರು ಕಾಲು ಭಾಗವನ್ನು, ಮೋಟಾರು ಸಂಚಾರದ ಅಪಾಯದಿಂದಾಗಿ, 2020ರಲ್ಲಿ ಅದೇ ಸಸ್ಟ್ರಾನ್ಸ್ ಸಂಸ್ಥೆ ಪಟ್ಟಿಯಿಂದ ತೆಗೆಯಿತು ಅಥವಾ ಕೆಳದರ್ಜೆಗಿಳಿಸಿತು. ಬೇರೆ ಮಿತಿ ವಿಧಿಸದಿದ್ದಲ್ಲಿ, ಎರಡು ಬಂಡಿ ಎದುರುಬದುರಾದರೆ ದಾಟಲಾಗದ ಹಳ್ಳಿದಾರಿಯಲ್ಲಿಯೂ ಗಂಟೆಗೆ 60 ಮೈಲಿ ವೇಗಕ್ಕೆ ಕಾನೂನಿನ ಅಡ್ಡಿಯಿಲ್ಲವೆಂಬುದು ಆಶ್ಚರ್ಯದ ಸಂಗತಿ. ಸೈಕಲ್ಲನ್ನು ಹಾದುಹೋಗುವಾಗ ಕನಿಷ್ಠ 1.5 ಮೀಟರು ಎಡೆ ಬಿಡಬೇಕೆಂದು, ವೇಗ ಹೆಚ್ಚಿದ್ದರೆ ಇನ್ನೂ ಹೆಚ್ಚು ಬಿಡಬೇಕೆಂದು 2022ರ ರಸ್ತೆ ನಿಯಮಾವಳಿ ಹೇಳುತ್ತದೆ. ಆದರೆ ಕಿರುದಾರಿಯಲ್ಲಿ ಅಷ್ಟು ಎಡೆಯೇ ಇರುವುದಿಲ್ಲವಾದ್ದರಿಂದ ಬಂಡಿಯವನು ತಾಳ್ಮೆಯಿಂದ ಹಿಂದೆಯೇ ಬರಬೇಕು.

ಫೆನ್ ಪ್ರದೇಶಕ್ಕೆ ಚಳಿಗಾಲದಲ್ಲಿ ಹೊರಡುವವರು ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. ಆ ಎರಡು ನೇರ ಕಾಲುವೆಗಳನ್ನು ದಾಟುವ ಸೇತುವೆಗಳು ಕೆಲವೇ. ವೆಲ್ನಿ ಊರಿನ ಬಳಿಯ ರಸ್ತೆ ಪ್ರವಾಹದಲ್ಲಿ ಆಗಾಗ ಮುಳುಗಿ, ದಿನಗಟ್ಟಲೆ ಮುಚ್ಚಿರುತ್ತದೆ. ಆಗ ಕಣ್ಣಿಗೆ ಕಾಣುವ ಎದುರು ದಡವನ್ನು ಸೇರಲು ಬಹಳ ಮೈಲಿ ಸುತ್ತಬೇಕಾದೀತು, ಅದೂ ಎದುರುಗಾಳಿಯಲ್ಲಿ.