ಹಳೆಯ ಲಾರಿಯ ಎಂಜಿನ್‌ಗೆ ಮರುಜೀವ: ಯಾವ ಅಳತೆಯನ್ನು ನಂಬಬೇಕು?

ಹಾನಗಲ್: ಹಾನಗಲ್ಲಿನ ಭತ್ತ ಮತ್ತು ಮಾವು, ಸವಣೂರಿನ ವೀಳ್ಯದೆಲೆ, ಹಿರೇಕೆರೂರಿನ ಮೆಕ್ಕೆಜೋಳ, ನೆರೆಯ ಬ್ಯಾಡಗಿಯ ಮೆಣಸಿನಕಾಯಿ. ಇವೆಲ್ಲ ಮಾರುಕಟ್ಟೆ ಸೇರಬೇಕಾದರೆ ಲಾರಿ ಬೇಕು. ಹೊಸ ಲಾರಿ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಎರಡನೆಯ ಅಥವಾ ಮೂರನೆಯ ಕೈಯಿಂದ ಕೊಂಡ ಒಂದೇ ಒಂದು ಹಳೆಯ ಲಾರಿಯನ್ನು ನಂಬಿ ಬದುಕುವ ಮಾಲೀಕನಿಗೆ ಎಂಜಿನ್ ಹೊಗೆ ಉಗುಳತೊಡಗಿತೆಂದರೆ ಚಿಂತೆ ಶುರುವಾಗುತ್ತದೆ. ಆಯಿಲ್ ಖರ್ಚು ಏರುತ್ತದೆ, ಏರುದಾರಿಯಲ್ಲಿ ಎಳೆತ ತಗ್ಗುತ್ತದೆ. 'ಎಂಜಿನ್ ಬಿಚ್ಚಲೇಬೇಕು' ಎಂದು ಮಿಸ್ತ್ರಿ ತೀರ್ಪು ಕೊಡುತ್ತಾನೆ.

ಬಿಚ್ಚುವುದು ಕಷ್ಟವಲ್ಲ. ಬಿಚ್ಚಿದ್ದನ್ನು ಮತ್ತೆ ಕೂಡಿಸುವಾಗ ಯಾವ ಅಳತೆಗೆ ಕೂಡಿಸಬೇಕು ಎಂಬುದೇ ನಿಜವಾದ ಪ್ರಶ್ನೆ. ಸಿಲಿಂಡರ್ ಎಷ್ಟು ಸವೆದರೆ ಬೋರಿಂಗ್ ಮಾಡಿಸಬೇಕು? ಕ್ರ್ಯಾಂಕ್ ಶಾಫ್ಟ್ ಎಷ್ಟಕ್ಕೆ ಗ್ರೈಂಡ್ ಆಗಬೇಕು? ಹೆಡ್ ಬೋಲ್ಟ್ ಎಷ್ಟು ಬಿಗಿಯಬೇಕು? ಇಂಥ ಅಂಕಿಗಳು ಬಹಳಷ್ಟು ಸಲ ಗ್ಯಾರೇಜಿನವರ ನೆನಪಿನಿಂದಲೋ ಅಂಗಡಿಯವರ ಮಾತಿನಿಂದಲೋ ಬರುತ್ತವೆ. ಒಂದು ಅಂಕಿ ತಪ್ಪಿದರೂ ಒಂದು ಹಂಗಾಮಿನ ದುಡಿಮೆ ಮಣ್ಣುಪಾಲಾಗುತ್ತದೆ.

ಒಂದೇ ಹೆಸರು, ಎರಡು ಎಂಜಿನ್

ಗೊಂದಲ ಹೆಸರಿನಿಂದಲೇ ಆರಂಭವಾಗುತ್ತದೆ. ಟಾಟಾ ಕಂಪನಿಯ ಹಳೆಯ ಎಂಜಿನ್‌ಗಳ ಸಂಖ್ಯೆಯಲ್ಲಿ ಮೊದಲ ಅಂಕಿ ಸಿಲಿಂಡರ್‌ಗಳ ಸಂಖ್ಯೆಯನ್ನೂ ಉಳಿದ ಎರಡು ಅಂಕಿಗಳು ಸಿಲಿಂಡರ್‌ನ ಒಳವ್ಯಾಸವನ್ನೂ ಸೂಚಿಸುತ್ತವೆ. 692 ಎಂದರೆ ಆರು ಸಿಲಿಂಡರ್, 92 ಮಿ.ಮೀ. ವ್ಯಾಸ. 697 ಎಂದರೆ ಆರು ಸಿಲಿಂಡರ್, 97 ಮಿ.ಮೀ. ವ್ಯಾಸ. ಆದರೆ ಪಿಸ್ಟನ್ ಎಷ್ಟು ದೂರ ಚಲಿಸುತ್ತದೆ ಎಂಬುದನ್ನು, ಅಂದರೆ ಸ್ಟ್ರೋಕ್ ಅನ್ನು, ಈ ಸಂಖ್ಯೆ ಹೇಳುವುದಿಲ್ಲ.

497 ಇದಕ್ಕೆ ಒಳ್ಳೆಯ ಉದಾಹರಣೆ. 1986ರಲ್ಲಿ ಬಂದ ಟಾಟಾ 407 ಬಳಗದ 497 ಎಂಜಿನ್‌ನ ಸ್ಟ್ರೋಕ್ 100 ಮಿ.ಮೀ., ಸಾಮರ್ಥ್ಯ 2,956 ಸಿ.ಸಿ. ಅದಕ್ಕಿಂತ ದೊಡ್ಡ ವಾಹನಗಳಿಗೆ ಬಂದ ಇನ್ನೊಂದು 497ರ ಸ್ಟ್ರೋಕ್ 128 ಮಿ.ಮೀ., ಸಾಮರ್ಥ್ಯ 3,783 ಸಿ.ಸಿ. 'ನಾಲ್ಕುನೂರಾ ತೊಂಬತ್ತೇಳರ ಸಾಮಾನು ಕೊಡಿ' ಎಂದಷ್ಟೇ ಕೇಳಿದರೆ ಅಂಗಡಿಯವರು ಯಾವುದನ್ನು ಕೊಡಬೇಕು? ವ್ಯಾಸ ಒಂದೇ ಆದರೂ ಟರ್ಬೊ ಇರುವ ಎಂಜಿನ್‌ನ ಪಿಸ್ಟನ್ನೇ ಬೇರೆ, ಇಲ್ಲದ ಎಂಜಿನ್‌ನ ಪಿಸ್ಟನ್ನೇ ಬೇರೆ.

ಇತಿಹಾಸವೂ ಗೊಂದಲಕ್ಕೆ ತನ್ನ ಪಾಲು ಸೇರಿಸಿದೆ. 1945ರಲ್ಲಿ ಸ್ಥಾಪನೆಯಾದ ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜತೆ ಒಪ್ಪಂದ ಮಾಡಿಕೊಂಡು ಲಾರಿ ತಯಾರಿಸತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿಯಿತು. 2003ರಲ್ಲಿ ಕಂಪನಿಯ ಹೆಸರು ಟಾಟಾ ಮೋಟಾರ್ಸ್ ಎಂದಾಯಿತು. ಜರ್ಮನಿಯ ಓಎಂ 352 ಎಂಜಿನ್‌ನ ವ್ಯಾಸ ಮತ್ತು ಸ್ಟ್ರೋಕ್ ಟಾಟಾ 697ರಂತೆಯೇ 97 ಮತ್ತು 128 ಮಿ.ಮೀ. ಆ ಎಂಜಿನ್‌ನ ಕೈಪಿಡಿ ಇಂದು ಸುಲಭವಾಗಿ ಸಿಗುತ್ತದೆ. ಆದರೆ ಎರಡು ಅಳತೆ ಹೊಂದಿದ ಮಾತ್ರಕ್ಕೆ ಉಳಿದ ಎಲ್ಲ ಅಳತೆಗಳೂ ಹೊಂದುತ್ತವೆ ಎಂದು ಭಾವಿಸಲಾಗದು.

ಅಂಗುಲದ ಲೆಕ್ಕ, ಮಿಲಿಮೀಟರಿನ ಲೆಕ್ಕ

1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಆರಂಭವಾಗಿ 1955ರಲ್ಲಿ ಹೆಸರು ಬದಲಿಸಿಕೊಂಡ ಅಶೋಕ್ ಲೇಲ್ಯಾಂಡ್‌ನ ಲೆಕ್ಕಾಚಾರವೇ ಬೇರೆ. ಬ್ರಿಟಿಷ್ ಮೂಲದ ಅದರ ಹಳೆಯ 370 ಮತ್ತು 400 ಎಂಜಿನ್‌ಗಳ ಸಂಖ್ಯೆ ಸೂಚಿಸುವುದು ಘನ ಅಂಗುಲದ ಸಾಮರ್ಥ್ಯವನ್ನು. ಅವು ಅಂಗುಲದಲ್ಲಿ ರೂಪುಗೊಂಡ ಎಂಜಿನ್‌ಗಳು.

ಕ್ರ್ಯಾಂಕ್ ಶಾಫ್ಟ್ ಸವೆದಾಗ ಅದನ್ನು ಗೊತ್ತಾದ ಹಂತಗಳಲ್ಲಿ ಗ್ರೈಂಡ್ ಮಾಡಿ, ಅದಕ್ಕೆ ತಕ್ಕ ಅಂಡರ್‌ಸೈಜ್ ಬೇರಿಂಗ್ ಹಾಕುತ್ತಾರೆ. ಮೆಟ್ರಿಕ್ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಹಂತ 0.25 ಮಿ.ಮೀ. ಅಂಗುಲ ಪದ್ಧತಿಯಲ್ಲಿ 0.010 ಅಂಗುಲ, ಅಂದರೆ 0.254 ಮಿ.ಮೀ. ವ್ಯತ್ಯಾಸ ಅತ್ಯಲ್ಪವೆಂದು ತೋರುತ್ತದೆ. ಆದರೆ ನಾಲ್ಕನೆಯ ಹಂತದ ಹೊತ್ತಿಗೆ ಅದು 0.016 ಮಿ.ಮೀ. ಆಗುತ್ತದೆ. ಶಾಫ್ಟ್ ಮತ್ತು ಬೇರಿಂಗ್ ನಡುವೆ ಆಯಿಲ್ ನಿಲ್ಲಲು ಬಿಡುವ ಅಂತರ, ಸ್ಥೂಲ ಸೂತ್ರದಂತೆ, ಶಾಫ್ಟ್ ವ್ಯಾಸದ ಸಾವಿರದ ಒಂದು ಭಾಗ. 70 ಮಿ.ಮೀ. ಶಾಫ್ಟ್‌ಗೆ ಅದು 0.07 ಮಿ.ಮೀ. ಆ ಅಂತರದ ಕಾಲು ಭಾಗದಷ್ಟು ಅಳತೆಯ ಗೊಂದಲದಲ್ಲೇ ಕಳೆದುಹೋದರೆ ಬೇರಿಂಗ್ ಉಳಿಯುವುದು ಹೇಗೆ?

ಬೋಲ್ಟ್ ಬಿಗಿಯುವ ಬಲದ ವಿಷಯವೂ ಹೀಗೆಯೇ. ಹಳೆಯ ಕೈಪಿಡಿಗಳಲ್ಲಿ ಅದು ಕೆ.ಜಿ.-ಮೀಟರ್ ಅಥವಾ ಪೌಂಡ್-ಅಡಿಯಲ್ಲಿ, ಹೊಸ ಕೈಪಿಡಿಗಳಲ್ಲಿ ನ್ಯೂಟನ್-ಮೀಟರ್‌ನಲ್ಲಿ ಇರುತ್ತದೆ. 10 ಕೆ.ಜಿ.-ಮೀಟರ್ ಎಂದರೆ ಸುಮಾರು 98 ನ್ಯೂಟನ್-ಮೀಟರ್, 72 ಪೌಂಡ್-ಅಡಿ. ಮಾನದ ಹೆಸರಿಲ್ಲದೆ ಗೋಡೆಯ ಮೇಲೆ ಬರೆದ '98' ಎಂಬ ಅಂಕಿಯನ್ನು ಯಾರಾದರೂ ಪೌಂಡ್-ಅಡಿ ಎಂದು ತಿಳಿದು ಬಿಗಿದರೆ, ಬೋಲ್ಟ್ ಮೇಲೆ ಬೀಳುವ ಬಲ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ಬೋಲ್ಟ್ ಅಂದೇ ತುಂಡಾಗದಿರಬಹುದು. ಹೇರು ತುಂಬಿಕೊಂಡು ಶಿರಸಿಯ ಘಟ್ಟ ಇಳಿಯುವಾಗಲೋ ಏರುವಾಗಲೋ ಅದು ಕೈಕೊಡುತ್ತದೆ.

ಮೊದಲ ಸಾಕ್ಷಿ ಎಂಜಿನ್‌ನ ಮೈಮೇಲೆ

ಹಾಗಾದರೆ ನಂಬಬೇಕಾದುದು ಯಾವುದನ್ನು? ಮೊದಲನೆಯದಾಗಿ ಬ್ಲಾಕ್ ಮೇಲೆ ಕೆತ್ತಿರುವ ಎಂಜಿನ್ ಸಂಖ್ಯೆ. ಎಣ್ಣೆ, ಧೂಳು ಒರೆಸಿ ಅದನ್ನು ಪೂರ್ತಿಯಾಗಿ ಬರೆದುಕೊಳ್ಳಬೇಕು. ಬಳಿಕ ಅದನ್ನು ಆರ್.ಸಿ. ಪುಸ್ತಕದ ಜತೆ ತಾಳೆ ನೋಡಬೇಕು. ಹಳೆಯ ಲಾರಿಗಳಿಗೆ ಎಂದೋ ಬೇರೆ ಎಂಜಿನ್ ಕೂಡಿಸಿರುವುದುಂಟು. ಎಂಜಿನ್ ಬದಲಾವಣೆ ಮೋಟಾರು ವಾಹನ ಕಾಯ್ದೆ, 1988ರ ಅನ್ವಯ ದಾಖಲಾಗಿರಬೇಕು. ದಾಖಲಾಗದಿದ್ದರೆ ಸಾಮಾನು ತಪ್ಪುವುದರ ಜತೆಗೆ ಎಫ್.ಸಿ. ಮತ್ತು ವಿಮೆಯ ತೊಡಕುಗಳೂ ಎದುರಾಗುತ್ತವೆ.

ಆರ್.ಸಿ.ಯಲ್ಲಿರುವ ಘನ ಸಾಮರ್ಥ್ಯವೂ ಒಂದು ಉಪಯುಕ್ತ ಸಾಕ್ಷಿ. ವ್ಯಾಸವನ್ನು ಸೆಂಟಿಮೀಟರ್‌ನಲ್ಲಿ ವ್ಯಾಸದಿಂದಲೇ ಗುಣಿಸಿ, 0.7854ರಿಂದ ಗುಣಿಸಿ, ಸ್ಟ್ರೋಕ್‌ನಿಂದಲೂ ಸಿಲಿಂಡರ್‌ಗಳ ಸಂಖ್ಯೆಯಿಂದಲೂ ಗುಣಿಸಿದರೆ ಸಿ.ಸಿ. ಸಿಗುತ್ತದೆ. 9.7 ಸೆಂ.ಮೀ. ವ್ಯಾಸ, 12.8 ಸೆಂ.ಮೀ. ಸ್ಟ್ರೋಕ್, ಆರು ಸಿಲಿಂಡರ್‌ಗೆ ಬರುವ ಉತ್ತರ 5,675. ಕೈಯಲ್ಲಿರುವ ಕೈಪಿಡಿಯ ಅಳತೆ ಈ ಪರೀಕ್ಷೆಯಲ್ಲಿ ತಪ್ಪಿದರೆ ಆ ಕೈಪಿಡಿ ಈ ಎಂಜಿನ್‌ನದಲ್ಲ. ಶಾಲೆಯ ಗಣಿತ ಬಲ್ಲ ಯಾರೂ ಈ ಲೆಕ್ಕ ಹಾಕಬಹುದು.

ಡೀಸೆಲ್ ಪಂಪ್‌ಗೂ ತನ್ನದೇ ಫಲಕವಿದೆ. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಮೈಕೊ (2008ರಿಂದ ಬಾಷ್ ಲಿಮಿಟೆಡ್) ತಯಾರಿಸಿದ ಪಂಪ್‌ಗಳು ದೇಶದ ಅಸಂಖ್ಯ ಲಾರಿಗಳಲ್ಲಿವೆ. ಫಲಕದ ಮೇಲಿನ ಸಂಖ್ಯೆಗೆ ತಕ್ಕಂತೆ ಪಂಪ್‌ನ ಪರೀಕ್ಷಾ ಅಂಕಿಗಳಿರುತ್ತವೆ. ಅಧಿಕೃತ ಡೀಸೆಲ್ ಕೇಂದ್ರದಲ್ಲಿ ಆ ಅಂಕಿಗಳಿಗೆ ಪಂಪ್ ಹೊಂದಿಸುತ್ತಾರೆ. ಹೊಗೆ ಹೆಚ್ಚೆಂದು ಸ್ಕ್ರೂ ತಿರುಗಿಸಿ ಅಂದಾಜಿನಲ್ಲಿ ಹೊಂದಿಸುವುದು ಇದಕ್ಕೆ ಬದಲಿಯಾಗಲಾರದು.

ಕೈಪಿಡಿ ಎಲ್ಲಿ ಸಿಗುತ್ತದೆ?

ಚಾಲಕರಿಗೆ ಕೊಡುವ ಪುಸ್ತಕ ಬೇರೆ, ಬಿಡಿಭಾಗಗಳ ಕ್ಯಾಟಲಾಗ್ ಬೇರೆ, ವರ್ಕ್‌ಶಾಪ್ ಕೈಪಿಡಿ ಬೇರೆ. ಸವೆತದ ಮಿತಿ, ಅಂತರ, ಬಿಗಿತದ ಕ್ರಮ ಇವೆಲ್ಲ ಇರುವುದು ಮೂರನೆಯದರಲ್ಲಿ. ಕಂಪನಿಯ ಡೀಲರ್ ಬಳಿ ಎಂಜಿನ್ ಸಂಖ್ಯೆ ಮತ್ತು ತಯಾರಿಕೆಯ ವರ್ಷವನ್ನು ಕೊಟ್ಟು ಕೇಳುವುದು ಮೊದಲ ದಾರಿ. ಪಿಸ್ಟನ್, ರಿಂಗ್, ಬೇರಿಂಗ್ ತಯಾರಕರ ಕ್ಯಾಟಲಾಗ್‌ಗಳಲ್ಲೂ ಅಳತೆಗಳಿರುತ್ತವೆ. ಆದರೆ ಅವು ಆ ಬಿಡಿಭಾಗಕ್ಕೆ ಮಾತ್ರ ಸಾಕ್ಷಿ.

ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸುಗಳೂ ಬಹುಪಾಲು ಈ ಎರಡೇ ಕಂಪನಿಗಳವು. ಬಸ್ಸಿಗೂ ಲಾರಿಗೂ ಒಂದೇ ಬಳಗದ ಎಂಜಿನ್‌ಗಳು ಬಂದಿದ್ದರಿಂದ, ಸಾರಿಗೆ ಸಂಸ್ಥೆಯಲ್ಲಿ ದುಡಿದು ನಿವೃತ್ತರಾದ ಮೆಕ್ಯಾನಿಕ್‌ಗಳ ಅನುಭವ ಅಮೂಲ್ಯ. ಅವರ ನೆನಪು ದಾರಿ ತೋರಿಸಬಲ್ಲದು. ಆದರೆ ಅಂಕಿಯನ್ನು ಪುಟದಲ್ಲಿ ಕಂಡೇ ಒಪ್ಪಬೇಕು.

ಅಳೆಯದೆ ಕತ್ತರಿಸಬಾರದು

ಕೈಪಿಡಿ ಸಿಕ್ಕಿತೆಂದು ಕೆಲಸ ಮುಗಿಯುವುದಿಲ್ಲ. ಈ ಹಿಂದೆ ಎಷ್ಟು ಸಲ ಬೋರಿಂಗ್, ಗ್ರೈಂಡಿಂಗ್ ಆಗಿದೆ ಎಂಬುದನ್ನು ಯಾವ ಪುಸ್ತಕವೂ ಹೇಳದು. ಅದನ್ನು ಮೈಕ್ರೋಮೀಟರ್ ಮತ್ತು ಬೋರ್ ಗೇಜ್ ಮಾತ್ರ ಹೇಳಬಲ್ಲವು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆಯೂ ಎರಡು ದಿಕ್ಕಿನಲ್ಲಿ ಅಳೆಯಬೇಕು. ಅರ್ಧ ಮಿ.ಮೀ. ಹಿಗ್ಗಿದ ಸಿಲಿಂಡರ್‌ಗೆ ಮೂಲ ಅಳತೆಯ ರಿಂಗ್ ಹಾಕಿದರೆ ರಿಂಗಿನ ಬಾಯಿ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಅಗಲವಾಗುತ್ತದೆ. ಹೊಸ ರಿಂಗ್ ಹಾಕಿಯೂ ಹೊಗೆ ನಿಲ್ಲಲಿಲ್ಲವೇಕೆ ಎಂಬ ಪ್ರಶ್ನೆಗೆ ಎಷ್ಟೋ ಸಲ ಉತ್ತರ ಇಲ್ಲಿದೆ. ಲೇತ್ ಕೆಲಸಕ್ಕೆ ಕೊಡುವ ಮೊದಲೇ ಹೊಸ ಪಿಸ್ಟನ್ ಮತ್ತು ಬೇರಿಂಗ್ ತರಿಸಿ, ಅಳೆದು, ಅವಕ್ಕೆ ತಕ್ಕಂತೆ ಕೆಲಸ ಮಾಡಿಸುವುದು ಜಾಣತನ.

15 ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಗಿದೆ. ಖಾಸಗಿ ಲಾರಿಗಳು ಓಡಬೇಕಾದರೆ ಯೋಗ್ಯತಾ ಪರೀಕ್ಷೆಯಲ್ಲಿ ಗೆಲ್ಲಬೇಕು. ಹೀಗಾಗಿ ಅಂದಾಜಿನ ಕೆಲಸಕ್ಕೆ ಇನ್ನು ಜಾಗ ಕಡಿಮೆ.

ಕೊನೆಯದಾಗಿ ಕಾಸು ಖರ್ಚಿಲ್ಲದ ಒಂದು ಕೆಲಸ ಉಳಿದಿದೆ. ಎಂಜಿನ್ ಸಂಖ್ಯೆ, ಕೆಲಸ ನಡೆದ ದಿನಾಂಕ, ಸಿಲಿಂಡರ್ ಮತ್ತು ಶಾಫ್ಟ್‌ನ ಹೊಸ ಅಳತೆ, ಹಾಕಿದ ಬಿಡಿಭಾಗಗಳ ಸಂಖ್ಯೆ, ಬಿಗಿತದ ಅಂಕಿ ಮತ್ತು ಅದರ ಮಾನ, ಇಷ್ಟನ್ನು ಒಂದು ಪುಟದಲ್ಲಿ ಬರೆದು ಆರ್.ಸಿ. ಜತೆ ಇಡಬೇಕು. ಲಾರಿ ಕೈಬದಲಾದರೂ ಆ ಪುಟ ಅದರೊಂದಿಗೇ ಹೋಗಲಿ. ಮುಂದಿನ ಮಿಸ್ತ್ರಿ ಯಾರನ್ನೂ ಕೇಳುತ್ತಾ ಅಲೆಯಬೇಕಾಗಿಲ್ಲ.