ದಮ್ಮಿನ ರೋಗ ಮತ್ತು ಗಡುಸಾಗುವ ರಕ್ತನಾಳಗಳು: ಗ್ರಾಮ ಪಂಚಾಯತಿ ಸದಸ್ಯರ ಗಮನಕ್ಕೆ

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಮಗಳಲ್ಲಿ ವರ್ಷಗಟ್ಟಲೆ ಕೆಮ್ಮು, ಕಫ ಹಾಗೂ ಏದುಸಿರಿನಿಂದ ಬಳಲುವ ಹಿರಿಯರಿಗೆ ‘ದಮ್ಮು’ ಇದೆ ಎಂದು ಹೇಳಿ ಸುಮ್ಮನಾಗುವುದುಂಟು. ಇಂತಹ ಅನೇಕರಲ್ಲಿ ಇರುವುದು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಮೊದಲಿನಂತಾಗದ ದೀರ್ಘಕಾಲಿಕ ರೋಗ. ಈ ರೋಗಿಗಳ ಜೀವಕ್ಕೆ ಅಪಾಯವು ಶ್ವಾಸಕೋಶದಿಂದ ಮಾತ್ರವಲ್ಲದೆ ಹೃದಯಾಘಾತ ಹಾಗೂ ಪಾರ್ಶ್ವವಾಯುವಿನಿಂದಲೂ ಇರುತ್ತದೆ. ಇವರಲ್ಲಿ ಹೃದ್ರೋಗದ ಸಾಧ್ಯತೆ ಇತರರಿಗಿಂತ ಸುಮಾರು 2 ಪಟ್ಟು ಅಧಿಕ.

ಸಂಬಂಧ ಹೇಗೆ?

ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ನಿರಂತರ ಉರಿಯೂತ ಉಂಟುಮಾಡುತ್ತವೆ. ಅದರ ಪರಿಣಾಮ ರಕ್ತದ ಮೂಲಕ ದೇಹವೆಲ್ಲ ಹರಡಿ, ಅಪಧಮನಿಗಳ ಒಳಪದರ ಹಾನಿಗೊಳ್ಳುತ್ತದೆ. ಅಲ್ಲಿ ಕೊಬ್ಬು ಶೇಖರವಾಗಿ, ಹೂಳು ತುಂಬಿದ ಕಾಲುವೆಯಂತೆ ರಕ್ತನಾಳ ಕಿರಿದಾಗುತ್ತದೆ, ಗೋಡೆ ಗಡುಸಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಕಡಿಮೆಯಾದಾಗ ಹೃದಯದ ಹೊರೆ ಇನ್ನೂ ಹೆಚ್ಚುತ್ತದೆ. ದಮ್ಮು ಉಲ್ಬಣಿಸಿದ ನಂತರದ ಕೆಲವು ವಾರಗಳು ಹೃದಯಕ್ಕೆ ವಿಶೇಷ ಅಪಾಯಕಾರಿ. ಏದುಸಿರು ಎರಡೂ ರೋಗಗಳ ಲಕ್ಷಣವಾಗಿರುವುದರಿಂದ ಹೃದಯದ ತೊಂದರೆಯು ದಮ್ಮಿನ ಹೆಸರಿನಲ್ಲಿ ಮರೆಯಾಗಿ, ಚಿಕಿತ್ಸೆ ತಡವಾಗುತ್ತದೆ.

ಹೊಗೆ ಎಲ್ಲಿಂದ?

ಬೀಡಿ, ಸಿಗರೇಟು ಮುಖ್ಯ ಕಾರಣಗಳು. ಅವುಗಳ ಜೊತೆಗೆ ಕಟ್ಟಿಗೆಯ ಒಲೆ, ಕಬ್ಬಿನ ರವದಿ ಸುಡುವಿಕೆ, ಬೆಲ್ಲದ ಗಾಣದ ಹೊಗೆ ಹಾಗೂ ಮಗ್ಗಗಳ ಹತ್ತಿ ಧೂಳು ಶ್ವಾಸಕೋಶವನ್ನು ಬಾಧಿಸುತ್ತವೆ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಗ್ರಾಮೀಣ ಮಹಿಳೆಯರ ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನವು ಸರಳ ಲೆಕ್ಕವೊಂದನ್ನು ನೀಡಿದೆ. ಒಲೆಯ ಮುಂದೆ ದಿನಕ್ಕೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದಾಗ 60 ಅಥವಾ ಹೆಚ್ಚು ಬಂದಲ್ಲಿ ದೀರ್ಘಕಾಲಿಕ ಶ್ವಾಸನಾಳ ಉರಿಯೂತದ ಅಪಾಯ ಗಮನಾರ್ಹವಾಗಿ ಏರುತ್ತದೆ. ದಿನಕ್ಕೆ 3 ಗಂಟೆಯಂತೆ 20 ವರ್ಷ ರೊಟ್ಟಿ ಬೇಯಿಸಿದ ತಾಯಿ ಬೀಡಿ ಮುಟ್ಟದಿದ್ದರೂ ಈ ಮಿತಿಯನ್ನು ತಲುಪುತ್ತಾಳೆ. ಅನಿಲ ಸಂಪರ್ಕವಿರುವ ಮನೆಗಳಲ್ಲಿಯೂ ರೊಟ್ಟಿಗೆ, ಸ್ನಾನದ ನೀರಿಗೆ ಒಲೆ ಉರಿಯುವುದುಂಟು.

ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

1. ಆಶಾ ಕಾರ್ಯಕರ್ತೆಯರು 30 ವರ್ಷ ಮೀರಿದವರಿಗಾಗಿ ಭರ್ತಿ ಮಾಡುವ ‘ಸಿಬ್ಯಾಕ್’ ನಮೂನೆಯಲ್ಲಿ ಅಡುಗೆಯ ಇಂಧನ ಹಾಗೂ ಬೆಳೆ ತ್ಯಾಜ್ಯ ಸುಡುವ ಕುರಿತ ಪ್ರಶ್ನೆಗಳಿವೆ. ತಮ್ಮ ವಾರ್ಡಿನ ಯಾವ ಮನೆಯೂ ಇದರಿಂದ ಹೊರಗುಳಿಯದಂತೆ ನೋಡಿಕೊಳ್ಳುವುದು.

2. ದಮ್ಮಿನ ರೋಗಿಗಳ ರಕ್ತದೊತ್ತಡ ಹಾಗೂ ಮಧುಮೇಹವನ್ನು ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಪರೀಕ್ಷಿಸಲು ಪ್ರೇರೇಪಿಸುವುದು. ಸ್ಪೈರೋಮೆಟ್ರಿ ಎಂಬ ಊದುವ ಪರೀಕ್ಷೆಯಿಂದಲೇ ಸಿಒಪಿಡಿ ಖಚಿತವಾಗುತ್ತದೆ. ಅದಕ್ಕಾಗಿ ವೈದ್ಯರ ಸಲಹೆ ಪಡೆಯುವಂತೆ ತಿಳಿಸುವುದು.

3. ರವದಿಯನ್ನು ಸುಡದೆ ಹೊಲದಲ್ಲಿಯೇ ಹೊದಿಕೆಯಾಗಿ ಬಳಸುವ ಕುರಿತು, ಕಟಾವಿಗೆ ಮುಂಚಿನ ಗ್ರಾಮಸಭೆಯಲ್ಲಿ ಚರ್ಚಿಸುವುದು.

4. ತಂಬಾಕು ಬಿಡಬಯಸುವವರಿಗೆ ಉಚಿತ ಸಹಾಯವಾಣಿ 1800-11-2356 ತಿಳಿಸುವುದು. ಧೂಮಪಾನ ಬಿಟ್ಟ 1 ವರ್ಷದಲ್ಲಿ ಅದರಿಂದಾಗುವ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕಿಳಿಯುತ್ತದೆ.

5. ಎದೆನೋವು, ಬೆವರು, ಏಕಾಏಕಿ ಹೆಚ್ಚಿದ ಏದುಸಿರು ಕಂಡಲ್ಲಿ ದಮ್ಮೆಂದು ಕಾಯದೆ 108ಕ್ಕೆ ಕರೆಮಾಡಿ, ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸುವಂತೆ ಎಲ್ಲರಿಗೂ ತಿಳಿಸುವುದು.

ಈ ವಿಷಯವನ್ನು ಗ್ರಾಮ ಆರೋಗ್ಯ, ನೈರ್ಮಲ್ಯ ಹಾಗೂ ಪೌಷ್ಟಿಕ ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಿ, ಕೈಗೊಂಡ ತೀರ್ಮಾನವನ್ನು ನಡವಳಿಯಲ್ಲಿ ದಾಖಲಿಸುವುದು ಸೂಕ್ತ.